ನಕಲ್

ಸ್ಟೀರಿಂಗ್ ನಕಲ್ ಅನ್ನುತ್ತಾರೆ ಇದಕ್ಕೆ.
ಚಕ್ರದ ಮೊಣಕೈ ಅಂದುಕೊಳ್ಳಿ. ಮೂರೂವರೆ ಕೆ.ಜಿ. ಬೀಡು.
ಹನ್ನೊಂದು ತಿಂಗಳ ಕಾರು, ಶಾಮನೂರು ರಸ್ತೆಯ ತಿರುವಿನಲ್ಲಿ
ಎಡಗಾಲು ಮಡಚಿ ಕೂತೇ ಬಿಟ್ಟಿತು, ಎಮ್ಮೆ ಕೂತಂತೆ.
ಖುತೇಜಾಳ ಮಡಿಲಲ್ಲಿದ್ದ ಸಾರಿನ ಡಬ್ಬಿ
ಗಾಜಿಗೆಲ್ಲ ಹುಳಿ ಬಳಿಯಿತು.
ಜೀವ ಉಳಿಯಿತು. ಅದಕ್ಕೇ ಈಗ ಜಗಳ ಆಡಲು ಆಗುತ್ತಿದೆ.

ಪಿ.ಬಿ. ರಸ್ತೆಯ ಷೋರೂಮಿನಲ್ಲಿ ಏಸಿ, ಟೈ ಕಟ್ಟಿದ ಹುಡುಗ.
ಕೆಟ್ಟವನಲ್ಲ; ಕುರ್ಚಿ ಕೊಟ್ಟ, ನೀರು ಕೊಟ್ಟ,
ಆಮೇಲೆ ಒಂದು ಕಾಗದ ಕೊಟ್ಟ:
‘ಬಾಹ್ಯ ಆಘಾತದಿಂದ ಹಾನಿ. ವಾರಂಟಿ ಅನ್ವಯಿಸುವುದಿಲ್ಲ.’
“ಗುಂಡಿಗೆ ಇಳಿಸೀರಿ ಅಂಕಲ್, ಕಂಪನಿ ಹಂಗಂತ ಬರ್ದೈತಿ.”
ಗುಂಡಿ ಇಲ್ಲದ ರಸ್ತೆ ಈ ಊರಲ್ಲಿದ್ದರೆ ತೋರಿಸಪ್ಪ,
ಅಲ್ಲೇ ಓಡಿಸುತ್ತೇನೆ ಅಂದೆ. ನಕ್ಕ. ಸಹಿ ಕೇಳಿದ.

ಆಜಾದ್ ನಗರದಲ್ಲಿ ಮೂವತ್ತೊಂದು ವರ್ಷ
ಲೇತಿನ ಮುಂದೆ ನಿಂತ ಕಾಲು ಇವು.
ಕನ್ನಡಕ ಒರೆಸಿ, ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ಓದಿದೆ.
ಒಂದೇ ಏಟಿಗೆ ಮುರಿದ ಬೀಡು
ಬೆಲ್ಲದಚ್ಚು ಒಡೆದಂತೆ, ಆ ತುದಿಯಿಂದ ಈ ತುದಿಗೆ ಹೊಸ ಹರಳು.
ಇದರಲ್ಲಿ ಅರ್ಧ ಮಾತ್ರ ಹೊಳಪು.
ಉಳಿದರ್ಧ ಕಂದು, ಹಳೇದು, ನಡುವೆ ಸಾಸಿವೆಯಷ್ಟು ಪೊಳ್ಳು,
ಎರಕದಲ್ಲಿ ಗಾಳಿ ಸಿಕ್ಕಿಕೊಂಡ ಜಾಗ.
ಆ ಬಿರುಕಿನ ಒಳಗೆ, ಉಗುರಿನಲ್ಲಿ ಕೆರೆದರೆ ಬರುವಂತೆ,
ಕಂಪನಿಯದೇ ಕಪ್ಪು ಬಣ್ಣ.

ಬಣ್ಣ ಹೇಗೆ ಇಳಿಯಿತು ಸ್ವಾಮಿ, ಬಿರುಕು ಮೊದಲೇ ಇರದಿದ್ದರೆ?
ನಮ್ಮೂರಿನ ಗುಂಡಿ ನಿಮ್ಮ ಕಾರ್ಖಾನೆಗೆ ಹೋಗಿ ಬಂದಿತ್ತೇ?

ಇದನ್ನೇ ಬರೆದೆ. ಮೂರು ಸಲ ಬರೆದೆ.
ಅರ್ಧ ಹಣ ಸೌಹಾರ್ದಕ್ಕಾಗಿ ಕೊಡುತ್ತೇವೆ,
ದೋಷ ಇರಲಿಲ್ಲವೆಂದು ಒಪ್ಪಿ ಸಹಿ ಮಾಡಿ ಅಂದರು.
“ತಗೊಂಡ್ ಬಿಡ್ರಿ ಚಮನ್‌ಸಾಬ್ರೇ,” ಅಂದ ವೆಲ್ಡಿಂಗಿನ ಓಂಕಾರಿ,
“ಕಬ್ಬಿಣಕ್ಕೇನ್ ಮಾನ?”

ಆ ರಾತ್ರಿ ನಿದ್ದೆ ಬರಲಿಲ್ಲ. ಬಂದವನು ಕಕ್ಕರಗೊಳ್ಳದ ಮುರಿಗೆಪ್ಪ.
ಎರಡು ಹೋಳಾದ ಪುಲ್ಲಿ ಹಿಡಿದು, ಹುಬ್ಬಿನವರೆಗೂ ಹಿಟ್ಟು,
ಹತ್ತೊಂಬತ್ತು ವರ್ಷದ ಹಿಂದೆ ಬಾಗಿಲಲ್ಲಿ ನಿಂತಿದ್ದ ಹಾಗೇ.
ಅದರ ಪೊಳ್ಳಿಗೆ ಪುಟ್ಟಿ ಮೆತ್ತಿ, ಮೇಲೆ ಉಜ್ಜಿ ಕೊಟ್ಟವನು ನಾನೇ.
“ನೀನೇ ಬೆಲ್ಟು ಬಿಗಿ ಮಾಡೀಯ” ಅಂದಿದ್ದೆ.
ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು.
ನನಗೆ ಟೈ ಕೂಡ ಇರಲಿಲ್ಲ.

ಎದ್ದು ಹೋಗಿ ಹೊಸ ಪುಲ್ಲಿ ತಿರುವಿದೆ, ಬೆಳಗಿನ ತನಕ.
ಗಟ್ಟಿ ಬೀಡು, ತಟ್ಟಿದರೆ ಗಂಟೆ. ಒಯ್ದೆ.
“ಯಾವ ಪುಲ್ಲಿ?” ಅಂದ ಮುರಿಗೆಪ್ಪ.
“ಗಿರಣಿ ಮಾರಿ ಹತ್ ವರ್ಷಾತು. ಚಾ ಕುಡೀರಿ.”
ಕುಡಿದೆ.
ಸ್ವಂತ ದುಡ್ಡಲ್ಲಿ ಎದ್ದು ನಿಂತ ಕಾರಿನ ಡಿಕ್ಕಿಯಲ್ಲೇ ಇದೆ ಅದು,
ಹಂಪು ಬಂದಾಗೆಲ್ಲ ಗುಡುಗುತ್ತದೆ.

ಗ್ರಾಹಕರ ಆಯೋಗದಲ್ಲಿ ಎಲ್ಲದಕ್ಕೂ ನಕಲು ಕೇಳಿದರು.
ಬಿಲ್ಲಿಗೆ ನಕಲು, ಆಧಾರಿಗೆ ನಕಲು, ಇಲ್ಲ ಅಂದ ಕಾಗದಕ್ಕೂ ನಕಲು, ಮೂರು ಸೆಟ್.
ಜೆರಾಕ್ಸಿನವನು ನನ್ನ ಚೀಲ ಎತ್ತಿ ನೋಡಿ “ಇದಕ್ಕೂ ಏನ್ರೀ?” ಅಂದ.
ಇದಕ್ಕೆ ನಕಲಿಲ್ಲಪ್ಪ. ಇದೇ ನಕಲ್. ಅಸಲೂ ಇದೇ.

ಎರಡು ವಾಯಿದೆ ಆದವು. ಒಂದಕ್ಕೆ ಕಂಪನಿಯ ವಕೀಲರಿಗೆ ಜ್ವರ.
ಮುರಿದ ಮುಖಕ್ಕೆ ತುಕ್ಕು ಹಿಡಿಯಬಾರದು;
ಹಿಡಿದರೆ ಎರಡು ಅರ್ಧಕ್ಕೂ ಒಂದೇ ಬಣ್ಣ,
ಹಳೆಯ ಬಿರುಕು ಯಾವುದು, ಹೊಸತು ಯಾವುದು, ದೇವರೇ ಹೇಳಬೇಕು.
ಭಾನುವಾರ ಭಾನುವಾರ ಹೊಲಿಗೆ ಮಿಷನ್ನಿನ ಎಣ್ಣೆ ಸವರುತ್ತೇನೆ.
“ಮೊಮ್ಮಗನಿಗೂ ಇಷ್ಟು ಎಣ್ಣೆ ತಿಕ್ಕಿಲ್ಲ ನೀವು” ಅನ್ನುತ್ತಾಳೆ ಖುತೇಜಾ,
ಅಂದು, ಹಳೆಯ ದುಪಟ್ಟಾ ಹರಿದು ಸುತ್ತಿ ಕೊಡುತ್ತಾಳೆ.

ಮುಂದಿನ ತಾರೀಖು ಇಪ್ಪತ್ಮೂರು, ಹತ್ತೂವರೆಗೆ.
ರೈಲ್ವೆ ಗೇಟು ಹಾಕಿರುತ್ತಾರೆ.
ಒಂಬತ್ತಕ್ಕೇ ಹೊರಡಬೇಕು.