ಕಾಲುಳ್ಳ ಗೋಡೆ

ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ನಮ್ಮೂರ ಗೋಡೆಗೆ ಕಾಲು.
ಒಂದೆರಡಲ್ಲ, ಸಾವಿರಾರು.
ಸೂಕ್ರೆ ಪಟ್ಟಣದಾಚೆ, ಸಿಮೆಂಟು ಕಾರ್ಖಾನೆಯ ಹಿಂದೆ,
ಎದ್ದು ನಿಂತ ಸುಣ್ಣಕಲ್ಲಿನ ಮೇಲೆ
ಓರೆಬಿಸಿಲು ಬಿದ್ದರೆ ಸಾಕು,
ನೆರಳು ತುಂಬಿಕೊಂಡು ಒಂದೊಂದೇ ಕಣ್ಣು ಬಿಡುತ್ತವೆ.

ನನ್ನ ಕೆಲಸ, ಹಗ್ಗಕ್ಕೆ ಜೋತುಬಿದ್ದು
ಬಿರುಕಿಗೆ ಗಾರೆ ತುಂಬುವುದು, ಧೂಳು ಗುಡಿಸುವುದು.
ಮೇಲೆ ಹಗ್ಗ ಹಿಡಿದವನು ಅನಸ್ತಾಸಿಯೋ ಮಾವ,
ಒಂದು ಕಾಲಕ್ಕೆ ಇಲ್ಲೇ ಸಿಡಿಮದ್ದು ಇಡುತ್ತಿದ್ದವನು,
ಎಡಗಾಲ ಎರಡು ಬೆರಳನ್ನು ಇದೇ ಕಲ್ಲಿಗೆ ಕೊಟ್ಟವನು.
ಕೋಕಾ ಎಲೆ ದವಡೆಗೊತ್ತಿಕೊಂಡು ಕೂಗುತ್ತಾನೆ:
"ಈಗ ಯಾರ ಮೇಲಿದ್ದೀ, ಇಲಾರಿಯಾ?"

ಉದ್ದಕತ್ತಿನವಳ ಮೇಲೆ, ಮಾವ.
ಒಂದೊಂದು ಹೆಜ್ಜೆ ಚಿಚಾ ಕುದಿಸುವ ಹಂಡೆಯ ಬಾಯಿಯಷ್ಟು.
ಮುಂಗಾಲು ಅರ್ಧಚಂದ್ರ, ಹಿಂಗಾಲು ಪೂರ್ತಿ ಗುಂಡು.
ಬಾಲ ಎಲ್ಲೂ ನೆಲ ಮುಟ್ಟಿಲ್ಲ,
ಗಾಳಿಯಲ್ಲೇ ಹೊತ್ತು ನಡೆದಿದ್ದಾಳೆ ಮಹಾತಾಯಿ.
ಅಗಿಯುವ ಗೋಜಿಲ್ಲ, ಹಲ್ಲೆಂದರೆ ಬಾಚಣಿಗೆ;
ಕೊಂಬೆ ಸವರಿ ನುಂಗುವುದು,
ಉಳಿದದ್ದು ಹೊಟ್ಟೆಯ ಪಾಡು.
ಪಕ್ಕದಲ್ಲೇ ಅಂಗೈಯಗಲದ ಮರಿಹೆಜ್ಜೆ,
ಅಮ್ಮನ ಒಂದಕ್ಕೆ ಮೂರು, ನಾಲ್ಕು,
ನಡುವೆ ಒಂದು ಕಡೆ ಸುಮ್ಮನೆ ಸುತ್ತು ಹಾಕಿದೆ.
ಏನು ಕಂಡಿತ್ತೋ. ಹುಳವೋ, ತನ್ನದೇ ನೆರಳೋ.

"ಇಳಿ, ಇನ್ನೂ ಇಳಿ."

ಇದು ಮೂರು ಬೆರಳು, ತುದಿಗೆ ಕೊಕ್ಕೆ.
ಮಾಂಸದವನು. ಎರಡೇ ಕಾಲು.
ಪಾದದ ಮುಂದೆ ಪಾದ, ಒಂದೇ ಗೆರೆ,
ತಂತಿಯ ಮೇಲೆ ನಡೆವ ಸರ್ಕಸ್ಸಿನ ಹುಡುಗಿಯ ಹಾಗೆ.
ಓಡುತ್ತಾನೆ ಅಂದುಕೊಂಡಿದ್ದೆ. ಓಡಿಲ್ಲ.
ಜಾರೀತೆಂದು ಉಗುರೂರಿ ಊರಿ
ಸಂತೆಗೆ ಹೊರಟವನಂತೆ ನಿಧಾನ.
ಗರ್ಜಿಸಿದನೋ, ಬಾತಿನಂತೆ ಗೊರಗುಟ್ಟಿದನೋ,
ಮೈಮೇಲೆ ಪುಕ್ಕವೋ ಹುರುಪೆಯೋ,
ಕೇಳಬೇಡ. ಕಲ್ಲಿಗೆ ಕಾಲಷ್ಟೇ ಗೊತ್ತು.

ಆಚೆ ಕವಚದವನದು: ಗಿಡ್ಡ, ಅಗಲ,
ಬೆನ್ನಿಗೆ ಎಲುಬಿನ ಹೆಂಚು ಹೊದಿಸಿಕೊಂಡವನು.
ಈ ಗೋಡೆಯಲ್ಲಿ ಎಲ್ಲರಿಗಿಂತ ಅವಸರ ಅವನಿಗೇ!
ಕೆರೆಯಂಚಿಗೆ ಮೊಸಳೆಯ ಹೊಟ್ಟೆ ಉಜ್ಜಿದ ಗೀರು,
ಆಮೆಯೊಂದು ಪರಚಿದ್ದು.
"ಯಾವ ಕೆರೆ?" ಎಂದು ಪ್ರತಿಸಲವೂ ನಗುತ್ತಾನೆ ಮಾವ,
ಗೊತ್ತಿದ್ದೂ.
ಈ ಗೋಡೆ ಒಮ್ಮೆ ಮಲಗಿತ್ತು, ಹಸಿಕೆಸರ ದಡವಾಗಿ.
ಆಂಡಿಸ್ ಬೆನ್ನೆತ್ತುವಾಗ
ಚಾಪೆಯ ಹಾಗೆ ಇದನ್ನೂ ಎತ್ತಿ ನಿಲ್ಲಿಸಿತು.
ಯಾರೂ ಬೆಟ್ಟ ಹತ್ತಿದ್ದಲ್ಲ.

ಒಂದು ದಿನ ಅಂಚಿನಲ್ಲೊಂದು ಸಾಲು ಸಿಕ್ಕಿತು.
ಉದ್ದ, ಗಿಡ್ಡ. ಉದ್ದ, ಗಿಡ್ಡ.
ಎಡಪಾದದಲ್ಲಿ ಒಂದು ಬೆರಳು ಊರಿಲ್ಲ.
ಕೂಗಿ ಹೇಳಿದೆ. ಮೇಲೆ ಹಗ್ಗ ಕೊಂಚ ಹೊತ್ತು
ಅಲುಗಲಿಲ್ಲ.
ಆಮೇಲೆ, "ಎಷ್ಟು ದೂರ ನಡೆದಿದೆ?"
ಎಣಿಸಿದೆ. ಮೂವತ್ತೊಂದು.
"ಹಾಗಾದರೆ ಅಭ್ಯಾಸವಾಗಿತ್ತು ಬಿಡು," ಎಂದು
ಎಲೆ ಉಗಿದ.

ಸಿಮೆಂಟಿಗೆ ಬಾರದ ಕಲ್ಲು ಇದು, ಅದಕ್ಕೇ ಉಳಿಯಿತು.
ಪಕ್ಕದ್ದು ಒಳ್ಳೆಯ ಕಲ್ಲು; ಮಾವನೇ ಸಿಡಿಸಿದ್ದು.
ಮೂವತ್ತೆರಡನೆಯ ಹೆಜ್ಜೆ ಇರಬೇಕಾದಲ್ಲಿ
ಗೋಡೆ ಮುಗಿದು ಆಕಾಶ,
ಅದರಾಚೆ ಲಾರಿಗಳು, ಊರು, ಶಾಲೆ, ನಮ್ಮ ಬೀದಿ.

ಸಂಜೆ ಮನೆಗೆ ಬಂದು
ಟೈರಿನ ಚಪ್ಪಲಿ ಕಳಚಿ
ಅಡುಗೆಮನೆಯ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತೆ.
ಇಲ್ಲೇ ಎಲ್ಲೋ ಇರಬೇಕು ಅದು, ಪುಡಿಯಾಗಿ,
ಒಲೆಯ ಕೆಳಗೋ, ಆಲೂಗಡ್ಡೆಯ ಮೂಟೆಯ ಕೆಳಗೋ.
ನೆಲ ತಣ್ಣಗಿತ್ತು.
ಎಡಗಾಲಿಗೆ ತುಸು ಹೆಚ್ಚೇ.