ಒಳಮಡಿಕಿ

ಸೊಲ್ಲಾಪುರದ ನವೀ ಪೇಠದಾಗ ಗುರುನಾಥ ದುಲಂಗೆ
ಗಾಜಿನ ಮೇಜಿನ ಮ್ಯಾಲೆ ಎರಡು ಬೋರ್ಡು
ಮಗ್ಗಲ ಮಗ್ಗಲಕ್ಕ ಇಟ್ಟ, ಮದುವಿ ಸೀರಿ ತೋರಸಾವರಂಗ.
"ಅಕ್ಕಾರ, ಇದು ಅಗ್ಗ. ಹನ್ನೊಂದು ಸಾವಿರ ಉಳೀತದ.
ಆದರ ಈ ಸಾಕೆಟ್ಟಿನ ವಂಶ ಇಲ್ಲಿಗೇ ಮುಗೀತು,
ಇದರಾಗ ಕೂಡೋ ಕಡೀ ಚಿಪ್ಪು ಬಂದೂ ಹೋಗ್ಯದ.
ಇದು ತುಟ್ಟಿ. ರ್‍ಯಾಮೂ ಹೊಸಾ ನಮೂನಿದೇ ಬೇಕು.
ಖರೆ, ನಾಳೆ ಹುಟ್ಟೋವು, ನಾಡದು ಹುಟ್ಟೋವು
ಇದೇ ಮನಿಗೆ ನಡ್ಯಾಕ ಬರತಾವ."

ಅರ್ಧಾ ಮರಾಠಿ, ಅರ್ಧಾ ಕನ್ನಡ ಅವನ ಮಾತು;
ಫ್ಯೂಚರ್ ಅನ್ನೋದೊಂದು ಮಾತ್ರ ಎರಡರಾಗೂ ಅದೇ.
ನನ್ನ ಜೋಡಿ ಬಂದ ತಬಸ್ಸುಮ್
ಮೊಬೈಲಿನಾಗ ಏನೋ ಕೂಡಿಸಿ ಕಳೀತಿದ್ಲು.

ನಂದು ಸಾಲಿ ಡ್ರೆಸ್ಸಿನ ಧಂದಾ.
ಎದಿ ಮ್ಯಾಲಿನ ಬಿಲ್ಲೆ ನಾ ಕಂಪ್ಯೂಟರಿನಾಗ ಬರೀತೀನಿ,
ಹನ್ನೆರಡು ಸೂಜಿ ಮಷೀನು ಹೊಲೀತದ:
ದೀಪ, ತೆರೆದ ಪುಸ್ತಕ, ಹಾರೋ ಹಕ್ಕಿ,
ಕೆಳಗ ಊರಿನ ಹೆಸರು.
ಹಳೀ ಡಬ್ಬಿ ಈಗ ಹಕ್ಕಿಯ ಒಂದು ರೆಕ್ಕಿ ತುಂಬಲಿಕ್ಕೆ
ಕಪ್ಪಿನಾಗಿನ ಚಹಾ ಆರೋತನಕ ತಗೋತದ.

ಅದನ್ನ ಕೊಂಡಾಗೂ ಇಂಥದೇ ಮಾತು ಕೇಳಿದ್ದೆ.
"ಎರಡು ಸ್ಲಾಟು ಖಾಲಿ ಇರಲಿ, ಮುಂದ ತುಂಬಸ್ರಿ."
ಒಂಬತ್ತು ವರ್ಷ.
ಮೊನ್ನೆ ಬಿಚ್ಚಿದ್ರ ಅವೆರಡರಾಗೂ
ಹತ್ತಿ ಧೂಳು, ಬಿಳೀ ನೂಲಿನ ಚೂರು,
ಒಂದು ಜೇಡ ಸಂಸಾರ ಹೂಡಿತ್ತು.
"ತುಂಬಸೀರಲ್ಲ ಅಕ್ಕಾ," ಅಂತ ನಕ್ಕಳು ತಬಸ್ಸುಮ್.

ನಮ್ಮವ್ವ ಕಸ್ತೂರವ್ವ ಕೈಮಷೀನಿನಾಗ ಹೊಲೀತಿದ್ಲು,
ಅಳತಿ ಪಟ್ಟಿ ಕೊರಳಾಗ, ಸೀಸದಕಡ್ಡಿ ಕಿವಿ ಮ್ಯಾಲೆ.
ಲಂಗ ಹೊಲಿಸಾಕ ಬಂದವರದೆಲ್ಲಾ ಒಂದೇ ಮಾತು:
"ಬೆಳಿಯೋ ಕೂಸು ಯವ್ವಾ, ಒಳಗ ನಾಕು ಬಟ್ಟು ಬಿಡು."
ಬಿಡಾಕಿ. ಸಾಲದಿದ್ರ ತನ್ನ ತುಂಡು ಜೋಡಿಸಿ ಬಿಡಾಕಿ.
ಎಷ್ಟು ತಿರುಗಿ ಬಂದುವು ಮಡಿಕಿ ಬಿಚ್ಚಸಲಿಕ್ಕೆ?
ಅವ್ವ ಲೆಕ್ಕ ಇಡಲಿಲ್ಲ. ನಾ ಒಂದು ವರ್ಷ ಇಟ್ಟೆ:
ನೂರಕ್ಕ ಮೂವತ್ತು.
ಉಳದವು ತಂಗ್ಯಾರಿಗೆ, ಆಮ್ಯಾಲ ಭಾಂಡೆ ಮಾರಾಕಿಯ ಬುಟ್ಟಿಗೆ.
ಬಿಚ್ಚಿದ ಮೂವತ್ತರಾಗ ಕೆಳಗೊಂದು ಪಟ್ಟಿ ಕಾಣೋದು,
ಬಿಸಿಲು ನೋಡದ ನೀಲಿ.
ಹುಡುಗಿ ನಡದ್ರ ಓಣಿಗೆಲ್ಲಾ ಗೊತ್ತು,
ಈ ವರ್ಷ ಎಷ್ಟು ಬೆಳದಾಳಂತ.

ಗುರುನಾಥ ತುಟ್ಟಿ ಬೋರ್ಡಿನ ಮುಚ್ಚಳ ಎತ್ತಿದ.
"ಸಾವಿರದ ಏಳ್ನೂರ ಹದಿನೆಂಟು ಪಿನ್ನು.
ಒಂದು ಬಾಗಿದ್ರ ತೀರ್ತು."
ಗುಂಡುಪಿನ್ನು ಬಾಯಾಗ ಹಿಡದು ಮಾತಾಡಿ ಬೆಳದಾಕಿ ನಾ,
ಆದರೂ ಉಸುರು ಬಿಗಿಹಿಡದೆ.

ಅಕ್ಕಲಕೋಟ ಹಾದ್ಯಾಗಿನ ಕನ್ನಡ ಸಾಲಿ ಆರ್ಡರು
ನೂರಾ ಹತ್ತಿತ್ತು, ಆಮ್ಯಾಲ ಎಪ್ಪತ್ತು, ಈ ಸಲ ನಲವತ್ತಾರು.
ಹೆಡ್‌ಮಾಸ್ತರು ಅಂದಾರ, ಬಿಲ್ಲೆ ಫೈಲು ಅಳಿಸಬ್ಯಾಡ್ರಿ.
'ಜ್ಞಾನ'ದ ಒತ್ತಿನಾಗ ನೂಲು ಇನ್ನೂ ತೊಡರತದ.
ನಲವತ್ತಾರು ಬಿಲ್ಲೆಗೆ ಎಂಥಾ ಪ್ರೊಸೆಸರು ಬೇಕು?
ಕೇಳಲಿಲ್ಲ. ಕೇಳಿದ್ರ ಅವ ಹಲ್ಲು ಕಿಸೀತಿದ್ದ.

ತಬಸ್ಸುಮ್ ಮೊಬೈಲು ನನ್ನ ಮುಂದ ಹಿಡದ್ಲು:
ತುಟ್ಟಿ ಬೋರ್ಡು, ಅದರಾಗ ಎಲ್ಲಾಕಿಂತ ಅಗ್ಗದ ಚಿಪ್ಪು.
"ಲಂಗ ದೊಡ್ಡದಿರಲಿ ಅಕ್ಕಾ, ಕೂಸು ಸಣ್ಣದೇ ತರೋಣು."
ಆಮ್ಯಾಲ, ದಾರಂದದ ಕಡೆ ನೋಡಕೋತ,
"ಅದು ದೊಡ್ಡದಾಗೂದ್ರಾಗ ನಂದು ನಿಕಾಹ್ ಆಗಿರತದ.
ಯಾವ ಸ್ಕ್ರೂ ಎಲ್ಲದ ಅಂತ ನೀವೇ ನೋಡಿಟ್ಟುಕೋರಿ."

ನೋಡಿಟ್ಟುಕೊಂಡೆ.
ನಾಕು ಮೂಲಿಗೆ ನಾಕು, ಫ್ಯಾನಿಗೆ ನಾಕು,
ಸಣ್ಣದೊಂದು ಎಲ್ಲಿದೋ ಗೊತ್ತಾಗಲಿಲ್ಲ,
ಅದನ್ನ ಅವ್ವನ ಗುಂಡಿ ಡಬ್ಬ್ಯಾಗ ಹಾಕೀನಿ.
ರಾತ್ರಿ ಮುಚ್ಚಳ ಹಾಕೂ ಮೊದಲು
ಖಾಲಿ ಸ್ಲಾಟಿನ ಮ್ಯಾಲೆ ಕಾಗದದ ಟೇಪು ಹಚ್ಚಿ
ಸೀಸದಕಡ್ಡಿಲೆ ಬರದೆ: ನಾಕು ಬಟ್ಟು.
ಜೇಡ ಬಂದ್ರ ಓದಲಿ.