ಒಂದು ಬೆರಳ ಇಳಿಜಾರು

ಮೈಸೂರಿಗೆ ಏಸಿಯೇ, ಎಂದು ನಕ್ಕವರ ಪಟ್ಟಿ ಉದ್ದ.
ಮೊದಲು ಇವರು, ಪೇಪರಿನ ಹಿಂದಿನಿಂದ.
ಆಮೇಲೆ ನಾದಿನಿ, ಫೋನಿನಲ್ಲಿ.
ಕೊನೆಗೆ ಅಂಗಡಿಯವನೂ, ಬಿಲ್ಲು ಬರೆಯುತ್ತಲೇ:
ಆಗೆಲ್ಲ ಏಪ್ರಿಲ್‌ನಲ್ಲೂ ಹೊದ್ದು ಮಲಗ್ತಿದ್ವಿ ಮೇಡಂ.
ಹೌದು. ನಾನೂ ಹೊದ್ದವಳೇ.
ಈಗ ರಾತ್ರಿ ಎರಡಕ್ಕೆ
ಬೆನ್ನೊಳಗೆ ಯಾರೋ ಬಾಣಲೆ ಇಟ್ಟಂತಾಗಿ ಏಳುತ್ತೇನೆ,
ಬಚ್ಚಲ ಕಲ್ಲಿಗೆ ಅಂಗಾಲು ಒತ್ತಿ ನಿಲ್ಲುತ್ತೇನೆ.
ಮುಟ್ಟು ನಿಂತು ಏಳು ತಿಂಗಳು.
ಬಿಲ್ಲಿನಲ್ಲಿ ಅದಕ್ಕೆ ಕಾಲಂ ಇಲ್ಲ.
ಅಂಚೆ ಕಚೇರಿಯ ಆರ್‌ಡಿ ಮುರಿಸಿದೆ, ಅಷ್ಟೆ.

ಭಾನುವಾರ ಬಂದ ಮಂಟೇಲಿಂಗ,
ನಂಜನಗೂಡು ಕಡೆಯ ಹುಡುಗ.
ಲಷ್ಕರ್ ಮೊಹಲ್ಲದ ಈ ಹಳೇ ಮನೆಯಲ್ಲಿ
ಡಬ್ಬ ಬಿಚ್ಚುವ ಮೊದಲು ಸುಮ್ಮನೆ ನಿಂತ,
ಹೆಣ್ಣು ನೋಡಲು ಬಂದವರ ಹಾಗೆ
ಎಲ್ಲ ಗೋಡೆಗಳನ್ನೂ ಓರೆಗಣ್ಣಲ್ಲಿ ಅಳೆದ.

ಪಡುವಣದ್ದು ಬ್ಯಾಡ ಕಣಕ್ಕ, ಸಂಜೆಗಂಟ ಕಾದಿರ್ತದೆ.
ಕಾಯುವುದಕ್ಕೆ ಎರಡರ್ಥ,
ಆ ಗೋಡೆಗೆ ಎರಡೂ ಗೊತ್ತಿದ್ದೀತು.
ಬಾಗ್ಲು ಮ್ಯಾಲೂ ಬ್ಯಾಡ, ತಂಪೆಲ್ಲ ಹಾಲಿಗೆ ಓಡೋಯ್ತದೆ.
ಮಂಚದ ತಲೆಗೆ ನೇರ ಬೀಸ್ಬಾರ್ದು, ಕುತ್ತಿಗೆ ಹಿಡ್ಕತದೆ.
ಉಳಿದದ್ದು ಬಡಗಣ ಗೋಡೆ.
ಅಲ್ಲಿ ಅತ್ತೆ ಮಾವನ ಜೋಡಿ ಫೋಟೊ,
ಗಂಧದ ಹಾರ, ಎಂದೋ ಸುಟ್ಟುಹೋದ ಸೀರಿಯಲ್ ದೀಪ.

ಇವರು ಪೇಪರ್ ಮಡಚಿದರು. ಮಾತಾಡಲಿಲ್ಲ.
ಸ್ಟೂಲು ತಂದು ತಾವೇ ಇಳಿಸಿದರು.
ಹಿಂದೆ, ಚೌಕಟ್ಟಿನಷ್ಟೇ ಅಗಲಕ್ಕೆ,
ಹಳೆಯ ಗಿಳಿಹಸಿರು ಬಣ್ಣ,
ಒಂದು ಹಲ್ಲಿಮೊಟ್ಟೆಯ ಚಿಪ್ಪು.
ಈ ಗೋಡೆಗೇ ಮಗ್ಗುಲಾಗಿ ಮಲಗುತ್ತಿದ್ದರು ಅತ್ತೆ,
ನನಗಾಗ ಇಪ್ಪತ್ತೆಂಟು,
ಸೆರಗಿನಿಂದ ಬೀಸಿಕೊಳ್ಳುತ್ತ, ಜನವರಿಯಲ್ಲಿ.
ಏನಮ್ಮ ಇದು, ಇಂಥ ಚಳಿಯಲ್ಲಿ, ಅಂದು ನಕ್ಕಿದ್ದೆ.
ಆ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು.

ಮಂಟೇಲಿಂಗ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದ,
ಹಲಸಿನಹಣ್ಣಿಗೆ ಕಿವಿಗೊಡುವವನ ಹಾಗೆ.
ಇಲ್ಲಿ ಮಣ್ಣು. ಇಲ್ಲೂ ಮಣ್ಣೇ. ಆಂ, ಇಲ್ಲಿ ಇಟ್ಟಿಗೆ.
ಸೂರಿನಿಂದ ಗೇಣು ಬಿಟ್ಟು ಪೆನ್ಸಿಲ್ ಗೆರೆ,
ಗೆರೆಗೆ ರಸಮಟ್ಟ,
ಗುಳ್ಳೆ ನಡುವಿಗೆ ಬರುವವರೆಗೆ ನಾವು ಮೂವರೂ ಉಸಿರು ಕಟ್ಟಿ.

ಹೊರಗಿನ ಪೆಟ್ಟಿಗೆಯದೇ ಪಂಚಾಯ್ತಿ.
ನಮಗೂ ಫಿಲೋಮಿನಾ ಟೀಚರಿಗೂ ನಡುವೆ ಮೂರಡಿ ಓಣಿ,
ಎದುರಿಗೇ ಅವರ ಅಡುಗೆಮನೆ ಕಿಟಕಿ.
ಅದೂ ಉಸಿರಾಡ್ಬೇಕು ಕಣಕ್ಕ, ಬೆನ್ನಿಗೆ ಗೇಣಾದ್ರೂ ಜಾಗ ಬೇಕು,
ಒಳಗಿನ ಬಿಸಿಯೆಲ್ಲ ಈಚೆಗೆ ಉಗೀತದೆ.
ಯಾರ ಮೇಲೆ ಎಂದು ನಾನು ಕೇಳಲಿಲ್ಲ, ಕಾಣುತ್ತಿತ್ತು.
ಕಿಟಕಿಯಲ್ಲಿ ಟೀಚರು, ಕೈಯಲ್ಲಿ ನುಗ್ಗೆಕಾಯಿ.
ನನ್ನ ಕಡೆಗೆ ಬೇಡ ಕಣ್ರೀ, ಅಂದರು,
ಒಲೆಯ ಬಿಸಿಯೇ ಸಾಕಾಗಿದೆ.
ಸಿಟ್ಟು ಬಂತು. ಅವರು ಹೇಳಿದ್ದು ಸರಿಯಿತ್ತು, ಅದಕ್ಕೇ ಬಂತು.
ತಾರಸಿಗೆ ಹತ್ತಿಸಿದೆವು. ಸಂಡಿಗೆಯ ಮೂಲೆ ಅದರದಾಯಿತು.
ಎಂಟಡಿ ತಾಮ್ರದ ಕೊಳವೆ ಹೆಚ್ಚು, ದುಡ್ಡೂ ಹೆಚ್ಚು.
ಟೀಚರು ನುಗ್ಗೆ ಹೆಚ್ಚುತ್ತಲೇ ಇದ್ದರು.

ಕೊನೆಗೆ ಡ್ರಿಲ್ಲು.
ತೂತು ನೆಟ್ಟಗೆ ಹೊಡೆಯಬಾರದಂತೆ,
ಹೊರಬದಿಗೆ ಒಂದು ಬೆರಳು ವಾಲಬೇಕು.
ಇಲ್ದಿದ್ರೆ ನೀರು ವಾಪಸ್ ಒಳಕ್ಕೇ ಬತ್ತದೆ,
ಗೋಡೆ ಅಳ್ತಾ ಕೂತ್ಕತದೆ.
ಉದುರಿತು: ಕೆನೆಬಣ್ಣ, ಗಿಳಿಹಸಿರು,
ಅದರಡಿ ನೀಲಿ ಬೆರೆಸಿದ ಸುಣ್ಣ,
ಆಮೇಲೆ ಬರೀ ಕೆಮ್ಮಣ್ಣು, ಮಣ್ಣೊಳಗೆ ಹುಲ್ಲಿನೆಸಳು,
ಇನ್ನೂ ಹಳದಿ.
ಹಾಸಿದ ಹಳೆ ಸೀರೆ ತುಂಬಿತು.
ಒಮ್ಮೆಗೇ ಓಣಿಯ ಬೆಳಕು, ಕಿತ್ತಳೆಯಷ್ಟು ದುಂಡಗೆ,
ಬೆಳಕಿನ ಹಿಂದೆಯೇ ನುಗ್ಗೆಕಾಯಿ ಹುಳಿಯ ಘಮ.

ಫೋಟೊ ಎದೆಗವಚಿಕೊಂಡು ಇವರು
ಕೋಣೆಯ ನಡುವೆ ಇನ್ನೂ ನಿಂತೇ ಇದ್ದರು.
ಎಲ್ಲಿಡಲಿ ಇದನ್ನ?
ಎದುರು ಗೋಡೆಗೆ, ಅಂದೆ,
ಗಾಳಿ ನೇರ ಬೀಸುವಲ್ಲಿಗೆ.
ಕುತ್ತಿಗೆ ಹಿಡಿಯುವ ಭಯವಿಲ್ಲ ಅತ್ತೆಗೆ ಇನ್ನು.
ಮಾವನವರಿಗೆ ಚಳಿಯಾದರೆ
ಸಹಿಸಿಕೊಳ್ಳಲಿ.